ಗೋಂದು, ಜಲವರ್ಣ, ಬಿಸಿಲು: ಮನೆಯಲ್ಲೇ ಬಣ್ಣದ ಫೋಟೊ ಪ್ರಿಂಟ್

ಡೈಕ್ರೋಮೇಟ್ ಎಂಬ ರಾಸಾಯನಿಕ ಬೆರೆಸಿದ ಗೋಂದು ಬಿಸಿಲು ತಾಗಿದಲ್ಲಿ ಗಟ್ಟಿಯಾಗುತ್ತದೆ, ತಾಗದಲ್ಲಿ ನೀರಿಗೆ ಕರಗಿಹೋಗುತ್ತದೆ. ಅದರಲ್ಲಿ ಜಲವರ್ಣ ಕಲಸಿದ್ದರೆ ಬಣ್ಣವೂ ಗಟ್ಟಿಯಾದ ಕಡೆಯೇ ಉಳಿಯುತ್ತದೆ. ಗಮ್ ಪ್ರಿಂಟ್‌ನ ಗುಟ್ಟು ಇಷ್ಟೇ. ನೀಲಿ, ಮಜೆಂತಾ (ನೇರಳೆ ಛಾಯೆಯ ಗುಲಾಬಿ), ಹಳದಿ ಈ ಮೂರೂ ಬಣ್ಣವನ್ನು ಗೋಂದಿನಲ್ಲೇ ಮಾಡುವವರಿದ್ದಾರೆ. ಹೊಸಬರು ಮಾತ್ರ ನೀಲಿಗೆ, ಕಬ್ಬಿಣದ ಲವಣಗಳಿಂದ ಚಿತ್ರ ಮೂಡಿಸುವ ಸಯನೋಟೈಪ್ ಬಳಸುವುದೇ ಒಳ್ಳೆಯದು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಈ ವಿಧಾನದಲ್ಲಿ ಗೆರೆಗಳು ಚೊಕ್ಕವಾಗಿ ಮೂಡುತ್ತವೆ. ಮುಂದಿನ ಪದರಗಳನ್ನು ಕೂರಿಸಲು ಅದೇ ಗುರುತಾಗುತ್ತದೆ.

ಮೊದಲು ನೆಗೆಟಿವ್. ಕಂಪ್ಯೂಟರಿನಲ್ಲಿ ಫೋಟೊವನ್ನು ಕೆಂಪು, ಹಸಿರು, ನೀಲಿ ಚಾನೆಲ್‌ಗಳಾಗಿ ಬಿಡಿಸಿ, ಕಪ್ಪು-ಬಿಳುಪನ್ನು ತಿರುಗುಮುರುಗು ಮಾಡಿ, ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಕೆಂಪು ಚಾನೆಲ್‌ನಿಂದ ನೀಲಿ ಪದರ, ಹಸಿರಿನಿಂದ ಮಜೆಂತಾ, ನೀಲಿಯಿಂದ ಹಳದಿ. ಮೂರಕ್ಕೂ ಮೂಲೆ ಗುರುತು ಇರಲಿ.

ಕೆಲಸ ಕೆಡುವುದು ಜಾಸ್ತಿ ಕಾಗದದಲ್ಲೇ. ಒದ್ದೆಯಾದ ಕಾಗದ ಒಣಗುವಾಗ ಕುಗ್ಗುತ್ತದೆ. ಒಂದು ಮಿಲಿಮೀಟರ್ ಕುಗ್ಗಿದರೂ ಮೂಗಿನ ಪಕ್ಕ ಇನ್ನೊಂದು ಮೂಗು! ಹಾಗಾಗಿ 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಪೂರ್ತಿ ಒಣಗಿಸಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಿಬಿಡಲಿ.

ಈಗ ನೀಲಿ. 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಹಾಕಿ. ಎರಡನ್ನೂ ಸಮವಾಗಿ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಿ. ನೆಗೆಟಿವ್ ಇಟ್ಟು, ಮೇಲೆ ಗಾಜು ಒತ್ತಿ, ಬಿಸಿಲಿಗೆ ಹಿಡಿದು ತೊಳೆಯಿರಿ. ನೀಲಿ ತುಸು ತಿಳಿಯಾಗಿಯೇ ಇರಲಿ. ಕಡು ನೀಲಿಯಾದರೆ ಉಳಿದ ಬಣ್ಣಗಳನ್ನು ನುಂಗಿಬಿಡುತ್ತದೆ.

ಒಣಗಿದ ಮೇಲೆ ಶೇ 3ರ ಜೆಲಾಟಿನ್ ದ್ರಾವಣಕ್ಕೆ, ಅದನ್ನು ಗಟ್ಟಿಮಾಡುವ ಕ್ರೋಮ್ ಆಲಂ ಚೂರು ಸೇರಿಸಿ ಬಳಿಯಿರಿ. ಸುಮ್ನೆ ಯಾಕೆ ಅಂತ ಬಿಟ್ಟರೆ ಬಣ್ಣ ಕಾಗದದೊಳಗೆ ಇಳಿದು ಬಿಳಿ ಜಾಗವೆಲ್ಲ ಮಾಸುತ್ತದೆ.

ಗೋಂದು ಅಂದರೆ ಜಾಲಿ ಜಾತಿಯ ಮರದ ಗಮ್ ಅರೇಬಿಕ್. ನೀರಲ್ಲಿ ಉಬ್ಬಿಕೊಳ್ಳುವ ಗೋಂದ್ ಕತೀರಾ ಅಲ್ಲ. 100 ಮಿ.ಲೀ. ನೀರಿಗೆ 35 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿ, ಸೋಸಿ. 10 ಮಿ.ಲೀ. ಗೋಂದಿಗೆ ಸುಮಾರು 1 ಗ್ರಾಂ ಹಳದಿ ಜಲವರ್ಣ ಕಲಸಿ, ಗೋಂದಿನಷ್ಟೇ ಅಳತೆಯ ಶೇ 10ರ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ ಬೆರೆಸಿ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಕೈಗವಸು ಬೇಕು, ಪುಡಿ ತೂಗುವಾಗ ಮಾಸ್ಕ್ ಬೇಕು, ಅಡುಗೆಮನೆ ಮತ್ತು ಮಕ್ಕಳಿಂದ ದೂರವಿರಬೇಕು. ಉಳಿದದ್ದನ್ನು ಸಿಂಕಿಗೆ ಸುರಿಯದೆ ಅಪಾಯಕಾರಿ ತ್ಯಾಜ್ಯವಾಗಿ ಬೇರೆ ಇಡಿ.

ತೆಳುವಾಗಿ ಬಳಿದು, ಫ್ಯಾನಿನ ತಣ್ಣನೆ ಗಾಳಿಯಲ್ಲಿ ಒಣಗಿಸಿ, ಆಗಲೇ ಹಳದಿಯ ನೆಗೆಟಿವ್ ಅನ್ನು ಗುರುತಿಗೆ ಸರಿಯಾಗಿ ಇಟ್ಟು ಬಿಸಿಲಿಗಿಡಿ. ಈ ಲೇಪ ಕತ್ತಲಲ್ಲಿಟ್ಟರೂ ನಿಧಾನವಾಗಿ ಗಟ್ಟಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಎಷ್ಟು ನಿಮಿಷ ಅನ್ನುವುದನ್ನು ಸಣ್ಣ ಚೂರುಗಳಲ್ಲಿ ಪರೀಕ್ಷಿಸಿಯೇ ತಿಳಿಯಬೇಕು. ಆಮೇಲೆ ಚಿತ್ರದ ಮುಖ ಕೆಳಗೆ ಮಾಡಿ ತಣ್ಣೀರಿನಲ್ಲಿ ಅರ್ಧ ಗಂಟೆ ತೇಲಿಬಿಡಿ. ಬೆರಳಿನಿಂದ ಉಜ್ಜಬೇಡಿ.

ಪೂರ್ತಿ ಒಣಗಿದ ಮೇಲೆ ಮಜೆಂತಾ, ಅದೇ ಕ್ರಮದಲ್ಲಿ. ಬಣ್ಣ ಸಪ್ಪೆ ಅನ್ನಿಸಿದರೆ ಬೇಕಾದ ಪದರವನ್ನು ಮತ್ತೊಮ್ಮೆ ಹಾಕಬಹುದು. ಕೊನೆಗೆ ಡೈಕ್ರೋಮೇಟ್ ಕಲೆ ಉಳಿದಿದ್ದರೆ ಶೇ 1ರ ಸೋಡಿಯಂ ಮೆಟಾಬೈಸಲ್ಫೈಟ್‌ನಲ್ಲಿ ಅದ್ದಿ ತೊಳೆಯಿರಿ. ವಾಷಿಂಗ್ ಸೋಡಾ ಮಾತ್ರ ಹತ್ತಿರ ಸುಳಿಯಬಾರದು, ಅದು ಸಯನೋಟೈಪ್‌ನ ನೀಲಿಯನ್ನೇ ಅಳಿಸುತ್ತದೆ.