ಮಿತ್ರಕೀಟಗಳನ್ನು ಉಳಿಸಿಕೊಂಡು ಕೀಟನಾಶಕ ಬಳಸುವ ಕ್ರಮ

ಹಣ್ಣು, ತರಕಾರಿ ಬೆಳೆಗಳಲ್ಲಿ ಕೀಟನಾಶಕವನ್ನೂ ಮಿತ್ರಕೀಟಗಳನ್ನೂ (ಬೆಳೆಗೆ ಹಾನಿ ಮಾಡುವ ಕೀಟಗಳನ್ನು ಕೊಲ್ಲುವ ಕೀಟಗಳು) ಜೊತೆಯಾಗಿ ಬಳಸುವವರು ಪಂಪು ಹೆಗಲಿಗೇರಿಸುವ ಮೊದಲು ಎಲೆಯನ್ನು ಮಗುಚಿ ನೋಡಬೇಕು. ಸಸ್ಯಹೇನುಗಳ ಗುಂಪಿನ ನಡುವೆ ಕೆಲವು ಹೇನುಗಳು ಗೋಧಿಬಣ್ಣಕ್ಕೆ ತಿರುಗಿ, ಉಬ್ಬಿ, ಎಲೆಗೆ ಅಂಟಿಕೊಂಡು ಅಲುಗಾಡದೆ ಕುಳಿತಿದ್ದರೆ, ಅವುಗಳ ಒಡಲಲ್ಲಿ ಪುಟ್ಟ ಕಣಜದ ಮರಿ ಬೆಳೆಯುತ್ತಿದೆ ಎಂದು ತಿಳಿಯಬೇಕು. ಬೆನ್ನಿನ ಮೇಲೆ ದುಂಡನೆಯ ತೂತು ಕಂಡರೆ ಆ ಕಣಜ ಆಗಲೇ ಹೊರಬಿದ್ದಿದೆ. ಇಂತಹ ಹೇನುಗಳು ಹೆಚ್ಚುತ್ತಿದ್ದರೆ ಸಿಂಪರಣೆಯನ್ನು ತಡೆಹಿಡಿದು, ಮೂರು ನಾಲ್ಕು ದಿನ ಬಿಟ್ಟು ಮತ್ತೆ ಎಣಿಸುವುದು ಒಳ್ಳೆಯದು.

ಸಿಂಪಡಿಸಲೇಬೇಕಾದಾಗ, ಯಾವ ಕೀಟ ಸಾಯುತ್ತದೆ ಎಂಬುದರ ಜೊತೆಗೆ ಯಾವುದು ಉಳಿಯುತ್ತದೆ ಎಂಬುದನ್ನೂ ನೋಡಿ ಔಷಧ ಆರಿಸಬೇಕು. ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು ಹೇನು ತಿನ್ನುವ ಗುಲಗಂಜಿ ಹುಳು, ಕಣಜ, ಬೇರೆ ನುಸಿಗಳನ್ನು ತಿನ್ನುವ ಪರಭಕ್ಷಕ ನುಸಿ ಎಲ್ಲವನ್ನೂ ಕೊಲ್ಲುತ್ತವೆ. ಅವುಗಳ ಶೇಷ ಎಲೆಯ ಮೇಲೆ ವಾರಗಟ್ಟಲೆ ಉಳಿಯುವುದರಿಂದ ಆಮೇಲೆ ತಂದುಬಿಟ್ಟ ಮಿತ್ರಕೀಟಗಳೂ ಬದುಕುವುದಿಲ್ಲ, ಎಲೆಯ ರಸ ಹೀರುವ ಜೇಡನುಸಿ ಮಾತ್ರ ಎಷ್ಟೋ ಬಾರಿ ಮೊದಲಿಗಿಂತ ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳಲ್ಲಿ ಹೀಗೆಯೇ ಆಯಿತು: 1888–89ರಲ್ಲಿ ಆಸ್ಟ್ರೇಲಿಯಾದಿಂದ ತಂದುಬಿಟ್ಟ ಗುಲಗಂಜಿ ಹುಳು ಗಿಡದ ರಸ ಹೀರುವ ಅಲ್ಲಿನ ಒಂದು ಶಲ್ಕಕೀಟವನ್ನು ಹತೋಟಿಗೆ ತಂದಿತ್ತು, 1940ರ ದಶಕದಲ್ಲಿ ಡಿಡಿಟಿ ಎಂಬ ಇನ್ನೊಂದು ಕೀಟನಾಶಕ ಸಿಂಪಡಿಸಿದಾಗ ಆ ಹುಳು ನಾಶವಾಗಿ ಶಲ್ಕಕೀಟ ಮರಳಿ ಬಂದಿತು.

ಎಲೆ ತಿನ್ನುವ ಮರಿಹುಳುಗಳಿಗೆ, ಅವು ಇನ್ನೂ ಚಿಕ್ಕವಿರುವಾಗಲೇ ಬಿ.ಟಿ. (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ತಯಾರಾದ) ಜೈವಿಕ ಕೀಟನಾಶಕವನ್ನು ಸಂಜೆಯ ಹೊತ್ತು ಸಿಂಪಡಿಸಬೇಕು, ಏಕೆಂದರೆ ಬಿಸಿಲಿಗೆ ಅದರ ಶಕ್ತಿ ಕುಂದುತ್ತದೆ. ಮರಿಹುಳುಗಳು ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸಿದರೂ ಸಾಯಲು ಎರಡು ಮೂರು ದಿನ ಹಿಡಿಯುತ್ತದೆ. ಜೀವಂತವಾಗಿ ಕಂಡವೆಂದು ಗಾಬರಿಯಿಂದ ಮರುದಿನವೇ ಬೇರೆ ವಿಷ ಹೊಡೆಯಬಾರದು. ಸೋಪು, ಎಣ್ಣೆಯ ದ್ರಾವಣಗಳು ಮೈಗೆ ತಗುಲಿದ ಕೀಟಗಳನ್ನಷ್ಟೇ ಕೊಂದು, ಒಣಗಿದ ಮೇಲೆ ಹೆಚ್ಚಿನ ಶೇಷವನ್ನು ಉಳಿಸುವುದಿಲ್ಲ. ಆದ್ದರಿಂದ ಮೊದಲು ಅವುಗಳಿಂದ ಕೀಟದ ಸಂಖ್ಯೆಯನ್ನು ಇಳಿಸಿ, ಅನಂತರ ಪರಭಕ್ಷಕಗಳನ್ನು ಬಿಡುವ ಕ್ರಮ ನನಗೆ ಹೆಚ್ಚು ಸರಿಯೆನಿಸುತ್ತದೆ.

ಹಲವರು ಮರೆಯುವ ಸಂಗತಿಯೆಂದರೆ ಶಿಲೀಂಧ್ರನಾಶಕ. ಕೀಟಗಳನ್ನು ಕೊಲ್ಲುವ ಬ್ಯುವೇರಿಯಾ, ಬೆಳೆಯ ರೋಗ ತಡೆಯುವ ಟ್ರೈಕೋಡರ್ಮಾ ಇವು ಜೀವಂತ ಶಿಲೀಂಧ್ರಗಳು. ಬ್ಯುವೇರಿಯಾವನ್ನು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ಜೊತೆಗೆ, ಟ್ರೈಕೋಡರ್ಮಾವನ್ನು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಜೊತೆಗೆ ಒಂದೇ ಟ್ಯಾಂಕಿನಲ್ಲಿ ಬೆರೆಸಿದರೆ ದುಡ್ಡು ಕೊಟ್ಟು ತಂದ ಜೀವಿಯನ್ನು ಕೈಯಾರೆ ಕೊಂದಂತೆ. ಟ್ಯಾಂಕನ್ನು ಚೆನ್ನಾಗಿ ತೊಳೆದು, ಎರಡರ ನಡುವೆ ಲೇಬಲ್‌ನಲ್ಲಿ ಸೂಚಿಸಿದಷ್ಟು ದಿನಗಳ ಅಂತರ ಬಿಡಬೇಕು.

ಕೀಟ ಒಂದು ಮೂಲೆಯಲ್ಲಷ್ಟೇ ಇದ್ದರೆ ಅಲ್ಲಿಗೆ ಮಾತ್ರ ಸಿಂಪಡಿಸಿ ಉಳಿದ ಸಾಲುಗಳನ್ನು ಮುಟ್ಟದಿರಬೇಕು. ಮಿತ್ರಕೀಟಗಳು ಆ ಸಾಲುಗಳಿಂದಲೇ ಮರಳಿ ಹರಡುತ್ತವೆ. ಗಿಡದಲ್ಲಿ ಇರುವೆಗಳ ಸಾಲು ಕಂಡರೆ ಮೊದಲು ಅದನ್ನು ತಡೆಯಬೇಕು, ಏಕೆಂದರೆ ಹೇನುಗಳು ಹೊರಹಾಕುವ ಸಿಹಿ ಅಂಟಿಗಾಗಿ ಅವುಗಳನ್ನು ಕಾಯುವ ಇರುವೆಗಳು ಗುಲಗಂಜಿ ಹುಳುವನ್ನು ಹತ್ತಿರ ಬರಗೊಡುವುದಿಲ್ಲ.