ಹಳೇ ತಂತಿ ಕರಾರನ್ನು ಓದುವ ಬಗೆ

ನಮ್ಮಪ್ಪ ಮಂಡ್ಯದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯುತ್ತಿದ್ದರು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಎಲ್ಲಾ. ಯಾರಾದರೂ ತಾತನ ಕಾಲದ ಪತ್ರ ತಂದು "ಇದರಲ್ಲಿ ಏನಿದೆ ನೋಡಿ ಸ್ವಾಮಿ" ಅಂದರೆ ಅಪ್ಪ ಮೊದಲ ಪುಟ ಓದುತ್ತಲೇ ಇರಲಿಲ್ಲ. ನೇರ ಚೆಕ್ಕುಬಂದಿಗೆ ಹೋಗುತ್ತಿದ್ದರು. ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾವ ನಾಲೆ. ಆಮೇಲೆ ದುಡ್ಡು. ಆಮೇಲೆ ತೂಬಿನ ನೀರು ಯಾರ ಹಕ್ಕು ಅನ್ನೋದು. "ಮಿಕ್ಕಿದ್ದು ಮಂಗಳಾರತಿ" ಅನ್ನುತ್ತಿದ್ದರು.

ನಾನು ತಂತಿ (ಟೆಲಿಗ್ರಾಫ್) ಕಚೇರಿ ಸೇರಿದೆ. ಸಂದೇಶ ಕಳಿಸುವ ಮೋರ್ಸ್ ಕೀ ಬಡಿದೆ, ಟೆಲಿಪ್ರಿಂಟರ್ ಕುಟ್ಟಿದೆ, ನಿವೃತ್ತಿಯಾಗಿ ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ತಂಗಿಯ ಮೊಮ್ಮಗಳು ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಮಾಡುತ್ತಿದ್ದಾಳೆ. 19ನೇ ಶತಮಾನದ ತಂತಿ ಒಪ್ಪಂದಗಳ ಬಗ್ಗೆ ಪ್ರಬಂಧ ಬರೆಯಬೇಕಂತೆ. "ದೊಡ್ಡಜ್ಜಿ, ಎರಡು ಸಲ ಓದಿದೆ, ತಲೆಗೇ ಹತ್ತಲಿಲ್ಲ" ಅಂತ ಒಂದು ಕಟ್ಟು ಜೆರಾಕ್ಸ್ ಹಿಡಿದು ಬಂದಳು. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಮನೆ ಪತ್ರದಲ್ಲಿ ಕೈ ಪಳಗಿಸಿ. 1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರಲ್ಲ, ಆ ಹಸ್ತಾಂತರ ಪತ್ರದಲ್ಲಿ ತಂತಿಗೆ ಅಂತಲೇ ಒಂದು ಕಲಂ ಇದೆ. ತಂತಿ ಎಳೆಯೋಕೆ ಎಲ್ಲಿ ಜಾಗ ಬೇಕೋ ಅಲ್ಲಿ ಮಹಾರಾಜರು ಪುಕ್ಕಟೆ ಕೊಡಬೇಕು. ತಂತಿಗೆ ಖರ್ಚು ಮಾಡಿದ್ದು ಬ್ರಿಟಿಷರಾಗಲಿ, ಮೈಸೂರು ಖಜಾನೆಯಾಗಲಿ, ಆ ತಂತಿ ಬ್ರಿಟಿಷ್ ವ್ಯವಸ್ಥೆಗೆ ಸೇರಿದ್ದು. ಬೇರೆ ಮಾತಾಗದ ಹೊರತು ನಡೆಸುವುದು ಅವರ ಇಲಾಖೆ. ಕಾನೂನೂ ಅವರದ್ದೇ.

ಇಷ್ಟು ಓದಿದ ಮೇಲೆ ಪೆನ್ಸಿಲ್ ತಗೊಂಡು ಪಕ್ಕದಲ್ಲಿ ಬರೆಯಿರಿ: ಜಾಗ ಯಾರದು? ನಮ್ಮದು. ದುಡ್ಡು? ಯಾರದಾದರೂ ಆಗಬಹುದು. ಕೀ ಮೇಲೆ ಕೈ ಯಾರದು? ಅವರದು. ಮುಂದೆ ಎಷ್ಟೇ ದೊಡ್ಡ ಒಪ್ಪಂದ ಸಿಕ್ಕಲಿ, ಇದೇ ಪ್ರಶ್ನೆಗಳನ್ನು ಕೇಳುತ್ತಾ ಹೋಗಿ.

ದೊಡ್ಡ ಒಪ್ಪಂದ ಕೈಗೆ ಬಂದಾಗ ಮೊದಲ ಪುಟ ಹಾರಿಸಿ. ಅಲ್ಲಿ ರಾಜ ರಾಣಿಯರ ಬಿರುದು ಬಾವಲಿ, ಸ್ನೇಹ ಸೌಹಾರ್ದ ಇಷ್ಟೇ ಇರುತ್ತೆ. ತಾರೀಖು ಮಾತ್ರ ಗುರುತು ಹಾಕಿಕೊಳ್ಳಿ. ಹಲವು ದೇಶಗಳು ಸೇರಿ ಮಾಡಿಕೊಂಡ 1875ರ ಸೇಂಟ್ ಪೀಟರ್ಸ್‌ಬರ್ಗ್ ತಂತಿ ಒಪ್ಪಂದದಲ್ಲಿ ಜುಲೈ 10 ಅಂತಲೂ ಇರುತ್ತೆ, 22 ಅಂತಲೂ ಇರುತ್ತೆ. ಹುಡುಗಿ ಅದನ್ನು ಅಚ್ಚಿನ ತಪ್ಪು ಅಂದುಕೊಂಡು ಒಂದನ್ನು ಹೊಡೆದುಹಾಕಿದ್ದಳು! ರಷ್ಯಾದವರು ಆಗಿನ್ನೂ ಹಳೇ ಕ್ಯಾಲೆಂಡರ್ ಬಳಸುತ್ತಿದ್ದರು, ಉಳಿದ ಯೂರೋಪಿಗಿಂತ 12 ದಿನ ಹಿಂದೆ. ಎರಡೂ ಸರಿ. ನಮ್ಮಲ್ಲೂ ಯುಗಾದಿ ಎರಡಿವೆ, ಅಲ್ವಾ?

ಇನ್ನು ನಕ್ಷೆ. ಇದನ್ನು ಬಿಡಲೇಬೇಡಿ. ಒಂದು ಹಾಳೆ ಮೇಲೆ ಊರುಗಳನ್ನು ಬರೆದು ಗೆರೆ ಎಳೆಯಿರಿ. ಭಾರತಕ್ಕೆ ಬಂದ ತಂತಿಯನ್ನೇ ತಗೊಳ್ಳಿ. 1857ರಲ್ಲಿ ದಂಗೆ ಎದ್ದ ಸುದ್ದಿ ಲಂಡನ್ ಮುಟ್ಟೋಕೆ ಸುಮಾರು 40 ದಿನ ಹಿಡಿಯಿತು. ಆಗ ಬ್ರಿಟಿಷರಿಗೆ ಆತುರ ಹತ್ತಿತು. ಕೆಂಪು ಸಮುದ್ರದಲ್ಲಿ ಕೇಬಲ್ ಹಾಕಿಸಿದರು, 1860ರ ಹೊತ್ತಿಗೆ ಅದು ಕೆಟ್ಟು ಕೂತಿತು. ಕೇಬಲ್ ನಡೆಯಲಿ ಬಿಡಲಿ ಕಂಪನಿಗೆ ದುಡ್ಡು ಕೊಡುತ್ತೇವೆ ಅಂತ ಸರ್ಕಾರ ಬರೆದುಕೊಟ್ಟಿತ್ತು. ವರ್ಷಕ್ಕೆ 36,000 ಪೌಂಡ್, 50 ವರ್ಷ! ನಮ್ಮಪ್ಪ ಇದ್ದಿದ್ದರೆ ಆ ಕರಾರು ಬರೆದವನನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಆಮೇಲೆ ನೆಲದ ದಾರಿ ಹಿಡಿದರು. ಕರಾಚಿಯಿಂದ ಗ್ವಾದರ್, ಅಲ್ಲಿಂದ ಕೇಬಲ್ಲು ಪರ್ಷಿಯನ್ ಕೊಲ್ಲಿಯ ಒಳಗೆ ಮುಸಂದಮ್, ಬುಶೆಹರ್, ಕೊನೆಗೆ ಈಗಿನ ಇರಾಕಿನ ಫಾವ್. 1864ರಲ್ಲಿ ಈ ಕೇಬಲ್ ಹಾಕಿದ ಕೆಲಸದ ಮುಖ್ಯಸ್ಥ ಪ್ಯಾಟ್ರಿಕ್ ಸ್ಟೂವರ್ಟ್. ಫಾವ್‌ನಿಂದ ಬಾಗ್ದಾದ್, ಇಸ್ತಾಂಬುಲ್ ಟರ್ಕಿಯ ತಂತಿ. 1865ರ ಶುರುವಿನಲ್ಲಿ ಎಲ್ಲಾ ಕೂಡಿಕೊಂಡಿತು. ಈ ಗೆರೆ ಎಳೆದ ಮೇಲೆ ಬಣ್ಣದ ಪೆನ್ಸಿಲ್‌ನಲ್ಲಿ ಗಡಿಗಳನ್ನು ಗುರುತು ಮಾಡಿ. ಪ್ರತಿ ಗಡಿಯಲ್ಲೂ ಒಂದು ಕರಾರು ಇರಲೇಬೇಕು. ಇಲ್ಲದಿದ್ದರೆ ನೀವು ಯಾವುದೋ ಪತ್ರ ಬಿಟ್ಟಿದ್ದೀರಿ ಅಂತ ಅರ್ಥ.

ನಾನು ಜಾಸ್ತಿ ಹೊತ್ತು ಕೂರುವುದು ಕೀ ಮೇಲೆ ಯಾರ ಕೈ ಅನ್ನುವ ಕಡೆ. ಉದಾಹರಣೆಗೆ, ಟರ್ಕಿಯ ಸುಲ್ತಾನರು ತಮ್ಮ ನೆಲದ ಮೇಲಿನ ತಂತಿ ತಮ್ಮದೇ, ನಡೆಸುವವರೂ ತಮ್ಮವರೇ ಅಂತ ಹಟ ಹಿಡಿದರು. ನ್ಯಾಯವೇ. ಆದರೆ ಇಂಗ್ಲಿಷ್ ಗೊತ್ತಿಲ್ಲದ ಗುಮಾಸ್ತರು ಇಂಗ್ಲಿಷ್ ಸಂದೇಶವನ್ನು ಒಂದು ಊರಿಂದ ಇನ್ನೊಂದಕ್ಕೆ ಬಡಿದು ಕಳಿಸುವಾಗ ಅಕ್ಷರಗಳು ಚೆಲ್ಲಾಪಿಲ್ಲಿ ಆಗುತ್ತಿದ್ದವು, ದಿನಗಟ್ಟಲೆ ತಡವಾಗುತ್ತಿತ್ತು. ವ್ಯಾಪಾರಿಗಳ ದೂರು 1866ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿವರೆಗೂ ಹೋಯಿತು.

ಆ ಗುಮಾಸ್ತರನ್ನು ನಾನು ಬೈಯಲ್ಲ. ಮೋರ್ಸ್‌ನಲ್ಲಿ ಏಳು ಅಂದರೆ ಎರಡು ಉದ್ದ, ಮೂರು ಗಿಡ್ಡ. ಎಂಟು ಅಂದರೆ ಮೂರು ಉದ್ದ, ಎರಡು ಗಿಡ್ಡ. ಒಂದು ಬಡಿತ ಜಾರಿದರೆ ಕಥೆಯೇ ಬೇರೆ. ನಮ್ಮ ಕಾಲದಲ್ಲಿ ಶುಭಾಶಯದ ತಂತಿಗೆ ನಂಬರ್ ಇತ್ತು. ನಂಬರ್ ಕಳಿಸಿದರೆ ಸಾಕು, ಆ ಕಡೆಯವರು ಪೂರ್ತಿ ವಾಕ್ಯ ಬರೆದುಕೊಡುತ್ತಿದ್ದರು. ನಾನು ಒಂದು ಸಲ ನಂಬರ್ ತಪ್ಪು ಬಡಿದು, ಮೇ ತಿಂಗಳ ಮದುವೆ ಮನೆಗೆ ದೀಪಾವಳಿ ಶುಭಾಶಯ ಹೋಯಿತು. ಕಳಿಸಿದವರು ಕೌಂಟರ್ ಹತ್ತಿರ ಬಂದು ಕೂಗಾಡಿದರು. ಇಂಗ್ಲಿಷ್ ಗೊತ್ತಿದ್ದ ನನ್ನ ಕಥೆಯೇ ಇದು.

ಅದಕ್ಕೇ 1875ರ ಒಪ್ಪಂದದ ಮೂರನೇ ಕಲಂ ನೋಡಿದಾಗ ನನಗೆ ನಗು ಬಂತು. ಅಂತರರಾಷ್ಟ್ರೀಯ ತಂತಿ ಸೇವೆಗೆ ಸರ್ಕಾರಗಳು ಯಾವ ಹೊಣೆಯನ್ನೂ ಹೊರುವುದಿಲ್ಲ ಅಂತ ಖಡಾಖಂಡಿತ ಬರೆದಿದ್ದಾರೆ. ಮೊದಲ ಕಲಂನಲ್ಲಿ ತಂತಿ ಕಳಿಸುವ ಹಕ್ಕು ಎಲ್ಲರಿಗೂ ಉಂಟು ಅನ್ನುತ್ತಾರೆ, ಎರಡನೆಯದರಲ್ಲಿ ಗುಟ್ಟು ಕಾಪಾಡುತ್ತೇವೆ ಅನ್ನುತ್ತಾರೆ, ಮೂರನೆಯದರಲ್ಲಿ ಕೈ ತೊಳೆದುಕೊಳ್ಳುತ್ತಾರೆ.

ಪರ್ಷಿಯಾ (ಈಗಿನ ಇರಾನ್) ಬ್ರಿಟಿಷರ ಜೊತೆ ಮಾಡಿಕೊಂಡ ಕರಾರುಗಳನ್ನು ಸಾಲಾಗಿ ಓದಿ, ಒಂದೊಂದನ್ನೇ ಅಲ್ಲ. 1863ರದ್ದರಲ್ಲಿ ತಂತಿ ಕಟ್ಟುವುದು ಪರ್ಷಿಯಾದ ಖರ್ಚಿನಲ್ಲಿ, ಟರ್ಕಿ ಗಡಿಯ ಖಾನಿಕಿನ್‌ನಿಂದ ತೆಹ್ರಾನ್ ಮೇಲೆ ಬುಶೆಹರ್‌ವರೆಗೆ. ನಿಗಾ ನೋಡೋಕೆ ಒಬ್ಬ ಇಂಗ್ಲಿಷ್ ಎಂಜಿನಿಯರ್. 1865ರ ಕರಾರಿಗೆ ಬಂದರೆ ಎರಡನೇ ತಂತಿ, ಜೊತೆಗೆ 50 ಜನರವರೆಗೂ ಇಂಗ್ಲಿಷ್ ಸಿಬ್ಬಂದಿ, ಅವರ ಸಂಸಾರ ಬೇರೆ. 1872ಕ್ಕೆ ಮೂರನೇ ತಂತಿ. ನಾಲೆ ಬದಿಯ ಗದ್ದೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ನೆಲ ನಿಮ್ಮದೇ ಇರಲಿ, ತೂಬಿನ ಕೀಲಿ ನೀರುಗಂಟಿ ಹತ್ತಿರ ಇದ್ದರೆ ನೀರು ಯಾರ ಮಾತು ಕೇಳುತ್ತೆ?

ದುಡ್ಡಿನ ಕಲಂಗಳು ಬೇಜಾರು ಹಿಡಿಸುತ್ತವೆ, ಆದರೆ ಒಂದು ಉಪಾಯ ಇದೆ. ಬೆಂಗಳೂರು ಮೈಸೂರು ಹೆದ್ದಾರಿಯ ಟೋಲ್ ನೆನೆಸಿಕೊಳ್ಳಿ. ತಂತಿ ಹಾದುಹೋಗುವ ಪ್ರತಿ ದೇಶಕ್ಕೂ ಸಾಗಣೆ ದರ ಅಂತ ಒಂದು ಪಾಲು, ಹೊರಟ ದೇಶಕ್ಕೂ ಮುಟ್ಟಿದ ದೇಶಕ್ಕೂ ಬೇರೆ ಪಾಲು. 1865ರಲ್ಲಿ ಲಂಡನ್‌ನಿಂದ ಭಾರತಕ್ಕೆ 20 ಪದದ ತಂತಿಗೆ 5 ಪೌಂಡ್. ಗೇಟು ಕಮ್ಮಿಯಾದರೆ ದಾರಿ ಸಲೀಸು. ಜರ್ಮನಿಯ ತಂತಿ ಉದ್ಯಮಿಗಳಾದ ಸೀಮೆನ್ಸ್ ಅಣ್ಣತಮ್ಮಂದಿರು ಮಾಡಿದ್ದು ಅದನ್ನೇ. ಪ್ರಷ್ಯಾ, ರಷ್ಯಾ, ಪರ್ಷಿಯಾ ಮೂರರಿಂದಲೂ ಅನುಮತಿ ಪತ್ರ ತಗೊಂಡು, ಲಂಡನ್‌ನಿಂದ ತೆಹ್ರಾನ್‌ವರೆಗೂ ಒಂದೇ ಕಂಪನಿಯ ತಂತಿ ಎಳೆದರು. 1870ರ ಏಪ್ರಿಲ್‌ನ ಪರೀಕ್ಷೆಯಲ್ಲಿ ಲಂಡನ್‌ನಿಂದ ಕಲ್ಕತ್ತಾಕ್ಕೆ ಸಂದೇಶ 28 ನಿಮಿಷದಲ್ಲಿ ಬಂತು.

ಗಡಿ ಅಂದರೆ ಏನು ಅಂತ ಕಣ್ಣಿಗೆ ಕಟ್ಟಬೇಕಾದರೆ 1850ರ ದಶಕದ ಸ್ಟ್ರಾಸ್‌ಬರ್ಗ್ ನೆನೆಸಿಕೊಳ್ಳಿ. ಒಂದೇ ಕಚೇರಿ. ಒಬ್ಬ ಫ್ರಾನ್ಸಿನ ಗುಮಾಸ್ತ, ಒಬ್ಬ ಪಕ್ಕದ ಜರ್ಮನ್ ರಾಜ್ಯ ಬಾಡೆನ್‌ನವನು. ಪ್ಯಾರಿಸ್ಸಿಂದ ಬಂದಿದ್ದನ್ನು ಇವನು ಬರೆದು ಅವನ ಕೈಗೆ ಕೊಡಬೇಕು, ಅವನು ಜರ್ಮನ್‌ಗೆ ಮಾಡಿ ಮತ್ತೆ ಬಡಿಯಬೇಕು. ಈ ಪಾಡು ಸಾಕಾಗಿಯೇ 1865ರ ಮೇ 17ರಂದು ಪ್ಯಾರಿಸ್‌ನಲ್ಲಿ 20 ದೇಶಗಳು ಒಂದೇ ಕರಾರಿಗೆ ಸಹಿ ಹಾಕಿದವು. ಬ್ರಿಟನ್ ಅದರಲ್ಲಿ ಇಲ್ಲ! ಅಲ್ಲಿ ತಂತಿ ಇನ್ನೂ ಖಾಸಗಿ ಕಂಪನಿಗಳ ಕೈಲಿತ್ತು. ಭಾರತದ ತಂತಿ 1868ರ ವಿಯೆನ್ನಾ ಸಭೆ ಹೊತ್ತಿಗೆ ಆ ಕರಾರಿನ ಒಳಗೆ ಬಂತು.

ಈ ಕರಾರುಗಳ ಜೊತೆ ನಿಯಮಾವಳಿ ಅಂತ ಇನ್ನೊಂದು ಕಟ್ಟು ಇರುತ್ತೆ, ಅದನ್ನು ಸುಮ್ನೆ ಬಿಡಬೇಡಿ. ಕರಾರು ರಾಯಭಾರಿಗಳದ್ದು, ನಿಯಮಾವಳಿ ನಮ್ಮಂಥ ಕಚೇರಿ ಜನರದ್ದು. ಒಂದು ಪದ ಅಂದರೆ ಎಷ್ಟು ಅಕ್ಷರ ಅನ್ನುವ ಜಗಳ ಇರುವುದು ಅದರಲ್ಲೇ. 1870ರ ದಶಕದಲ್ಲಿ ಅದು ಯೂರೋಪಿನ ಒಳಗೆ 15, ಹೊರಗೆ 10 ಅಂತಾಯಿತು.

ಕೊನೆಯ ಪುಟಗಳನ್ನು ನಿಧಾನಕ್ಕೆ ಓದಿ. ಕೊಟ್ಟಿದ್ದನ್ನು ವಾಪಸ್ ತಗೊಳ್ಳುವುದು ಸಾಮಾನ್ಯವಾಗಿ ಮುಂದೆ ಬರುವ ಕಲಂಗಳಲ್ಲೇ. 1875ರ ಏಳನೇ ಕಲಂ ಪ್ರಕಾರ ರಾಜ್ಯಕ್ಕೆ ಅಪಾಯ ಅನ್ನಿಸಿದ ಖಾಸಗಿ ತಂತಿಯನ್ನು ತಡೆಯಬಹುದು. ಎಂಟನೆಯದರ ಪ್ರಕಾರ ಸೇವೆಯನ್ನೇ ನಿಲ್ಲಿಸಬಹುದು.

1884ರ ಸಮುದ್ರ ಕೇಬಲ್ ರಕ್ಷಣೆಯ ಒಪ್ಪಂದವನ್ನು ಹುಡುಗಿಗೆ ಜೋರಾಗಿ ಓದಲು ಹೇಳಿದೆ. ಬೇಕಂತಲೇ ಅಥವಾ ಅಜಾಗರೂಕತೆಯಿಂದ ಕೇಬಲ್ ಮುರಿದರೆ ಶಿಕ್ಷೆ. ರಿಪೇರಿ ಹಡಗಿನಿಂದ ಬೇರೆ ಹಡಗುಗಳು ಒಂದು ನಾಟಿಕಲ್ ಮೈಲಿ ದೂರ ಇರಬೇಕು. ಕೇಬಲ್ ಉಳಿಸೋಕೆ ಅಂತ ಲಂಗರನ್ನೋ ಬಲೆಯನ್ನೋ ಕಳೆದುಕೊಂಡರೆ ಕೇಬಲ್ ಮಾಲೀಕ ನಷ್ಟ ಕಟ್ಟಿಕೊಡಬೇಕು. ಹದಿನೈದನೇ ಕಲಂಗೆ ಬಂದಾಗ ಅವಳ ದನಿ ನಿಂತಿತು. ಯುದ್ಧದಲ್ಲಿರುವ ದೇಶಗಳ ಕೈಯನ್ನು ಈ ಒಪ್ಪಂದ ಕಟ್ಟುವುದಿಲ್ಲ ಅಂತ ಇದೆ. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟಿಷ್ ಹಡಗು ಹೋಗಿ ಜರ್ಮನಿಯ ಕೇಬಲ್ ಕತ್ತರಿಸಿತು ಅಂದೆ.

"ಹಂಗಾದ್ರೆ ಮೊದಲಿನ ಹದಿನಾಲ್ಕು ಕಲಂ ಯಾರಿಗೆ ದೊಡ್ಡಜ್ಜಿ?"

"ಮೀನು ಹಿಡಿಯೋರಿಗೆ ಕಣೇ" ಅಂದೆ.