80 ದಿನದ ಮಂತ್ರ ಬಿಟ್ಟು ಅಯೋಡಿನ್ ತೊಟ್ಟಿಗೆ ಮಿತಿ ಕಟ್ಟಿದ ಬಗೆ

‘ಹತ್ತು ಅರ್ಧಾಯುಷ್ಯ ಕಾಯಿರಿ, ಆಮೇಲೆ ಚರಂಡಿಗೆ ಬಿಡಿ’ ಎಂದು ನಮ್ಮ ಹಿರಿಯರೊಬ್ಬರು ಮಂತ್ರದಂತೆ ಹೇಳುತ್ತಿದ್ದರು. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ವಿಕಿರಣಶೀಲ ಅಯೋಡಿನ್-131 ರೋಗಿಗಳ ಶೌಚದ ನೀರಿನೊಂದಿಗೆ ಆಸ್ಪತ್ರೆಯ ತೊಟ್ಟಿ ಸೇರುತ್ತದೆ. ಅದರ ವಿಕಿರಣ ಅರ್ಧಕ್ಕಿಳಿಯುವ ಕಾಲ, ಅಂದರೆ ಅರ್ಧಾಯುಷ್ಯ, ಎಂಟು ದಿನ; ಹತ್ತಕ್ಕೆ 80 ದಿನ. ನಮ್ಮಲ್ಲಿದ್ದುದು ಎರಡೇ ತೊಟ್ಟಿ, ಒಂದೊಂದೂ ಏಳು ವಾರಕ್ಕೆ ತುಂಬುತ್ತಿತ್ತು. ಮೂರನೆಯದಕ್ಕೆ ಹಣ ಕೇಳಿದ ಕಡತ ಎರಡು ವರ್ಷ ಮೇಜಿನಿಂದ ಮೇಜಿಗೆ ಅಲೆಯಿತು. ಇತ್ತ ರೋಗಿಗಳ ಸರದಿ ಬೆಳೆಯಿತು.

ಕೊನೆಗೆ ಲೆಕ್ಕವನ್ನು ತುದಿಯಿಂದ ಬುಡಕ್ಕೆ ಮಾಡಿದೆ. ಸಾರ್ವಜನಿಕರ ಮೈಗೆ ತಗಲುವ ವಿಕಿರಣದ ಪ್ರಮಾಣಕ್ಕೆ (ಡೋಸ್‌ಗೆ) ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ ಇದ್ದರೂ ಅದನ್ನು ಒಂದೇ ಮೂಲ ನುಂಗಬಾರದು. ಹಾಗಾಗಿ ನಮ್ಮ ಪಾಲಿಗೆ 0.1, ಅಂದರೆ 100 ಮೈಕ್ರೋಸೀವರ್ಟ್, ಎಂದು ಗೆರೆ ಎಳೆದುಕೊಂಡು, ಅಲ್ಲಿಂದ ಎಷ್ಟು ಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ) ಬಿಡಬಹುದು ಎಂಬಲ್ಲಿಗೆ ಹಿಂದಿರುಗಿದೆ. ‘ಇದು ಕಾಗದದ ಮೇಲಿನ ಆಟ’ ಎಂದು ನಕ್ಕವರು ಕಡಿಮೆಯಿರಲಿಲ್ಲ.

ಮೊದಲ ಸಲ ಅವರು ನಕ್ಕಿದ್ದು ಸರಿಯೇ ಆಯಿತು. ಹೊಳೆಯ ನೀರು ಕುಡಿಯುವವನನ್ನೇ ಪ್ರಾತಿನಿಧಿಕ ವ್ಯಕ್ತಿ, ಅಂದರೆ ಹೆಚ್ಚು ಡೋಸ್ ಪಡೆಯಬಲ್ಲವನು, ಎಂದು ಹಿಡಿದಿದ್ದೆ; ಅಲ್ಲಿಗೆ ತಲುಪುವಷ್ಟರಲ್ಲಿ ಅಯೋಡಿನ್ ಕರಗಿ, ಕ್ಷಯಿಸಿ, ಲೆಕ್ಕಕ್ಕೇ ಸಿಗಲಿಲ್ಲ. ನಿಜವಾಗಿ ಡೋಸ್ ಬೀಳುವುದು ಚರಂಡಿ ನೀರಿನ ಸಂಸ್ಕರಣಾ ಘಟಕದಲ್ಲಿ ಕೆಸರಿನ ಪಕ್ಕ ನಿಂತು ದುಡಿಯುವವನಿಗೆ, ಅದೂ ಹೊರಗಿನಿಂದ, ಗಾಮಾ ಕಿರಣದಿಂದ. ಸಿದ್ಧ ಕೋಷ್ಟಕದ ಅಂಕಿಗಳನ್ನು ಹಾಕಿದರೆ ಅವನ ಡೋಸ್ ಮುನ್ನೂರು ಮೈಕ್ರೋಸೀವರ್ಟ್ ದಾಟಿತು. ನಾನೇ ಘಟಕಕ್ಕೆ ಹೋಗಿ ಅವನು ಎಷ್ಟು ಹೊತ್ತು ಎಲ್ಲಿ ನಿಲ್ಲುತ್ತಾನೆ, ಕೆಸರು ಎಷ್ಟು ದಿನ ಕೂರುತ್ತದೆ ಎಂದು ಬರೆದುಕೊಂಡು ಬಂದೆ. ಅಂಕಿ ಹನ್ನೆರಡರ ಆಸುಪಾಸಿಗೆ ಇಳಿಯಿತು. ನಾಲ್ಕು ಬೆಳಗಿನ ಆ ದುರ್ವಾಸನೆ ಒಂದು ತೊಟ್ಟಿಯ ಹಣ ಉಳಿಸಿತು!

ತೊಟ್ಟಿಯಿಂದ ಪರೀಕ್ಷೆಗೆ ತೆಗೆದ ಮಾದರಿ ನೀರಿನಲ್ಲೂ ಮೂರು ತಿಂಗಳು ಕೆಟ್ಟೆ. ಸೀಸಿಯಂ ಮಾದರಿಗಳ ಅಭ್ಯಾಸಬಲದಿಂದ ಆಮ್ಲ ಸುರಿದಿದ್ದೆ. ಅಯೋಡಿನ್ ಆವಿಯಾಗಿ ಹೋಗಿ ವಿಕಿರಣದ ಎಣಿಕೆ ಚೆನ್ನಾಗಿ ಕಡಿಮೆ ಬಂತು, ನಾನೂ ಹಿಗ್ಗಿದೆ. ಕ್ಷಾರಕ್ಕೆ ತಿರುಗಿಸಿದ ದಿನ ಅಂಕಿ ದುಪ್ಪಟ್ಟಾಯಿತು. ತೊಟ್ಟಿಯ ತಳ ಕದಡದೆ, ಮೇಲಿನ ತಿಳಿನೀರಿನಿಂದಷ್ಟೇ ಅಲ್ಲದೆ, ಇಡೀ ತೊಟ್ಟಿಯನ್ನು ಪ್ರತಿನಿಧಿಸುವ ಮಾದರಿ ತೆಗೆಯಲು ಒಂದು ಉಪಾಯ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಶೌಚಾಲಯಕ್ಕೆ ಕಡಿಮೆ ನೀರಿನ ಸಿಸ್ಟರ್ನ್ ಹಾಕಿಸಿದ್ದು ಎಲ್ಲಕ್ಕಿಂತ ಅಗ್ಗದ ಕೆಲಸ. ತೊಟ್ಟಿ ತುಂಬುವ ಅವಧಿ ಎರಡು ವಾರ ಹಿಗ್ಗಿತು. ಕೊಳವೆ ಎರಡು ಸಲ ಕಟ್ಟಿಕೊಂಡಿತು, ಬೈಗುಳ ನನಗೇ ಬಿತ್ತು. ಈಗ 45 ದಿನ ಹಿಡಿದಿಡುತ್ತೇವೆ, ಅಂದರೆ ತುಂಬಿದಾಗ ಇದ್ದುದರ ಸುಮಾರು ಐವತ್ತನೆಯ ಒಂದು ಭಾಗ ಉಳಿಯುತ್ತದೆ. ಪ್ರತಿ ಬಿಡುಗಡೆಗೆ ಒಂದು ಮಿತಿ, ವರ್ಷಕ್ಕೆ ಇನ್ನೊಂದು. ವಿಕಿರಣ ಸುರಕ್ಷತೆಯ ನಿಯಂತ್ರಕರು ಎರಡನ್ನೂ ಒಪ್ಪಿದರು, ಮಂತ್ರದ ಹಿರಿಯರು ಕಡತದ ಪ್ರತಿ ಕೇಳಿ ಪಡೆದರು.

ನಡುವೆ ಒಂದು ಅಡ್ಡದಾರಿ. ಲುಟೇಶಿಯಂ-177 ಎಂಬ ಇನ್ನೊಂದು ವಿಕಿರಣಶೀಲ ಔಷಧ ಪಡೆದವರ ನೀರನ್ನೂ ಅದೇ ತೊಟ್ಟಿಗೆ ಬಿಟ್ಟು ನೋಡಿದೆ. ಅರ್ಧಾಯುಷ್ಯ ಆರೂವರೆ ದಿನ ಚಿಲ್ಲರೆ, ಏನೂ ಆಗಲಾರದು ಎಂದುಕೊಂಡಿದ್ದೆ. ಆದರೆ ಗಾಮಾ ಕಿರಣ ಅಳೆಯುವ ಸೋಡಿಯಂ ಅಯೋಡೈಡ್ ಡಿಟೆಕ್ಟರ್‌ನಲ್ಲಿ ಅಯೋಡಿನ್‌ನ ಗುರುತಾದ 364 ಕೆಇವಿ (ಕಿರಣದ ಶಕ್ತಿಯ ಅಳತೆ) ಶಿಖರ ಒಂದು ಹಂತದಲ್ಲಿ ಕುಗ್ಗುವುದನ್ನೇ ನಿಲ್ಲಿಸಿತು. ಅದು ಅಯೋಡಿನ್ ಆಗಿರಲೇ ಇಲ್ಲ; ಕಲಬೆರಕೆಯಾಗಿ ಬಂದ ಲುಟೇಶಿಯಂ-177ಎಂ (ಅದೇ ಪರಮಾಣುವಿನ ನಿಧಾನವಾಗಿ ಕ್ಷಯಿಸುವ ರೂಪ), ಅದರ 378ರ ಶಿಖರ ಈ ಡಿಟೆಕ್ಟರ್ ಬೇರ್ಪಡಿಸಲಾರದಷ್ಟು ಪಕ್ಕದಲ್ಲೇ ಕೂತಿತ್ತು. ಅರ್ಧಾಯುಷ್ಯ 160 ದಿನ! ಈಗ ಆ ನೀರಿಗೆ ಬೇರೆ ಡ್ರಮ್ಮುಗಳು; ಕಲಬೆರಕೆ ತಯಾರಿಕೆಯ ವಿಧಾನದ ಮೇಲೆ ನಿಂತಿರುವುದರಿಂದ, ಔಷಧ ತರಿಸುವ ಮುನ್ನ ಅದನ್ನು ಯಾವ ವಿಧಾನದಲ್ಲಿ ತಯಾರಿಸಿದ್ದಾರೆಂದು ಪೂರೈಕೆದಾರರಿಂದ ಬರೆಸಿಕೊಳ್ಳುತ್ತೇನೆ.